ಎತ್ತಿಕೊಂಡವಳು ಇಟ್ಟ ಹೆಸರು

ಶೋವಾ 30 (1955), ಫೆಬ್ರವರಿ 9, ಬುಧವಾರ

ಅಮ್ಮನಿಗೆ,

ಹಿಮ ಎಷ್ಟು ಬಿದ್ದಿದೆ, ಹಿತ್ತಲಿನ ಪ್ಲಮ್ ಮರ ಮೊಗ್ಗು ಬಿಟ್ಟಿತೇ, ನಿನ್ನ ಮಂಡಿನೋವು ಹೇಗಿದೆ ಎಂದೆಲ್ಲ ಕೇಳಿ ಕಾಗದ ಶುರುಮಾಡಬೇಕು. ಹಾಗೆ ಕಲಿಸಿದವಳು ನೀನೇ. ಈ ಸಲ ಅದನ್ನೆಲ್ಲ ಬಿಟ್ಟಿದ್ದೇನೆ. ಕೇಳುವ ಮನಸ್ಸಿಲ್ಲ.

ನಿನ್ನ ಕಾಗದ ನಿನ್ನೆ ಬಂತು. ಮೊಮ್ಮಗಳು ಹುಟ್ಟಿದ ಐದನೆಯ ದಿನ ಬಂದ ಕಾಗದದಲ್ಲಿ ಅವಳ ಮೂಗು ಯಾರ ಹಾಗಿದೆ, ಕೂದಲು ಇದೆಯೇ ಇಲ್ಲವೇ ಎಂದು ಒಂದು ಮಾತು ಕೇಳಿಲ್ಲ. ಅಪ್ಪಣೆ ಮಾತ್ರ ಇದೆ. ಅಳಿಯನಿಗೆ ಈಗ ನಲವತ್ತೆರಡು, ಗಂಡಸಿಗೆ ಅದಕ್ಕಿಂತ ಕೆಟ್ಟ ವರ್ಷ ಇಲ್ಲ, ಆ ವರ್ಷ ಹುಟ್ಟಿದ ಮಗು ಹೆತ್ತ ಮನೆಯಲ್ಲಿ ನಿಲ್ಲುವುದಿಲ್ಲ. ಏಳನೆಯ ದಿನ ಬೆಳಿಗ್ಗೆ ಮೊರದಲ್ಲಿ ಮಲಗಿಸಿ ಕವಲುದಾರಿಯಲ್ಲಿ ಎಸೆದು ಬಾ, ಹಿಂತಿರುಗಿ ನೋಡಬೇಡ. ತೋಫು ಮಾರುವ ಕಿಕುನೊ ಸೊಸೆಗೆ ಹೇಳಿಟ್ಟಿದ್ದೇನೆ, ಐದು ಗಟ್ಟಿ ಮಕ್ಕಳ ತಾಯಿ, ಪೊರಕೆ ತಂದು ಗುಡಿಸಿ ಎತ್ತಿಕೊಳ್ಳುತ್ತಾಳೆ, ಹೆಸರೂ ಅವಳೇ ಇಡುತ್ತಾಳೆ, ಮಾರನೆಯ ದಿನ ತನ್ನ ಮಗು ಎಂದು ತಂದುಕೊಡುತ್ತಾಳೆ. ಇಷ್ಟು ಬರೆದು ಕೊನೆಗೆ ನನ್ನ ಹೊಟ್ಟೆ ಉರಿಸುವ ಸಾಲು: ನಿನ್ನನ್ನೂ ಎಸೆದಿದ್ದೆವು, ನೀನು ಬದುಕಿಲ್ಲವೇ.

ಬದುಕಿದ್ದೇನೆ ಅಮ್ಮ. ಹೇಗೆ ಬದುಕಿದ್ದೇನೆ ಎಂದು ನೀನು ಯಾವತ್ತಾದರೂ ಕೇಳಿದ್ದೀಯಾ? ಇವತ್ತು ಕೇಳದೆಯೇ ಹೇಳುತ್ತೇನೆ. ಮಗು ತೊಡೆಯ ಮೇಲೆ ಮಲಗಿದೆ, ಅಳುವುದಿಲ್ಲ, ಕೈ ಬಿಡುವಾಗಿದೆ.

ಸುತೆ. ಎಸೆದದ್ದು. ನನ್ನ ಹೆಸರು ಬರೆಯುವ ಅಕ್ಷರವೇ ಕಸದ ಗುಂಡಿಯ ಪಕ್ಕದ ಹಲಗೆಯ ಮೇಲೂ ಇರುತ್ತದೆ, ಇಲ್ಲಿ ಎಸೆಯಬಾರದು ಎಂದು. ಶಾಲೆಗೆ ಸೇರಿದ ಮೊದಲ ದಿನ ಮೇಷ್ಟ್ರು ಹಾಜರಿ ಕೂಗುತ್ತಾ ಬಂದು ನನ್ನ ಹೆಸರಿನ ಹತ್ತಿರ ನಿಂತುಬಿಟ್ಟರು. ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ನೋಡಿದರು. ಆಮೇಲೆ ಮೆಲ್ಲಗೆ ಕರೆದರು, ಪಾಪ. ಅವರು ಮೆಲ್ಲಗೆ ಕರೆದದ್ದೇ ತಪ್ಪಾಯಿತು, ಇಡೀ ತರಗತಿಗೆ ಏನೋ ಇದೆ ಎಂದು ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಹುಡುಗರ ಬಾಯಲ್ಲಿ ಮಾತು ತಯಾರಾಗಿತ್ತು. "ಏ, ಕಸ ಗುಡಿಸೋರು ಬಂದ್ರು ಕಣೇ, ಓಡಿ ಬಚ್ಚಿಟ್ಕೋ." ಆರು ವರ್ಷ ಅದೇ ಮಾತು. ಹುಡುಗರು ಬದಲಾದರು, ಮಾತು ಬದಲಾಗಲಿಲ್ಲ.

ರೇಷ್ಮೆ ನೂಲಿನ ಗಿರಣಿಗೆ ಕಳಿಸಿದಿರಿ. ಅಲ್ಲಿ ನಮ್ಮ ಮೇಲ್ವಿಚಾರಕ ಎಲ್ಲರನ್ನೂ ನಂಬರಿನಿಂದ ಕರೆಯುತ್ತಿದ್ದ, ನನ್ನೊಬ್ಬಳನ್ನು ಮಾತ್ರ ಹೆಸರಿನಿಂದ. "ಎಸೆದ ಮಾಲು, ಇಲ್ಲಿ ಬಾರಮ್ಮ. ನಿಮ್ಮನೇವ್ರೇ ಬೇಡ ಅಂದಿದ್ದನ್ನ ನಾವು ಇಟ್ಕೊಂಡಿದ್ದೀವಿ, ಸ್ವಲ್ಪ ನಿಯತ್ತಾಗಿ ದಾರ ಎಳಿ." ನಾನು ನಕ್ಕೆ. ನಗದಿದ್ದರೆ ಅಲ್ಲಿ ಉಳಿಗಾಲವಿರಲಿಲ್ಲ. ಹೆಣ್ಣು ನೋಡಲು ಬಂದ ಮೊದಲ ಮನೆಯ ಹಿರಿಯಾಕೆ ನಮ್ಮ ವಿವರ ಬರೆದ ಹಾಳೆ ಬಿಡಿಸಿ, ಓದಿ, ಇದ್ದ ಮಡಿಕೆಯಲ್ಲೇ ಮಡಿಸಿ, ಚಾಪೆಯ ಮೇಲೆ ನಿನ್ನ ಕಡೆಗೆ ಸರಿಸಿದಳಲ್ಲ, ನೆನಪಿದೆಯೇ? ಟೀ ಚೆನ್ನಾಗಿತ್ತು ಎಂದು ಹೇಳಿ ಎದ್ದಳು. ನೀನು ಬಾಗಿಲವರೆಗೆ ಹೋಗಿ ಹತ್ತು ಸಲ ಬಗ್ಗಿದೆ. ಒಳಗೆ ಬಂದು ನನಗೆ ಹೇಳಿದೆ, ನಿನ್ನ ಮುಖ ಸ್ವಲ್ಪ ನಗುನಗುತ್ತಾ ಇರಬೇಕಿತ್ತು ಎಂದು.

ನಿನ್ನ ಅಳಿಯ ಯಾಸುಜೋ ಒಬ್ಬರೇ ಹೆಸರು ಕೇಳಿ ಮುಖ ಸಿಂಡರಿಸದವರು. ಚಾಪೆ ಹೊಲಿಯುವ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಹೇಳಿದರು, "ಯಾರೋ ಎಸೆದಿದ್ದು ನಂಗೆ ಸಿಕ್ಕಿದ್ರೆ ಲಾಭ ನಂದೇ ತಾನೆ?" ಅದಕ್ಕೇ ಒಪ್ಪಿಕೊಂಡೆ. ನೀನು ಯಾಸುಜೋಗೆ ಮನೆಯಿಲ್ಲ, ಯುದ್ಧದಿಂದ ಬಂದವನ ಕಿವಿ ಸರಿಯಿಲ್ಲ ಎಂದೆಲ್ಲ ಎಣಿಸಿದೆ. ನಾನು ಆ ಒಂದು ಮಾತಿಗೆ ಒಪ್ಪಿಕೊಂಡೆ.

ಇದೆಲ್ಲ ಹಳೆಯ ಕಥೆ. ಇದಕ್ಕೆ ಕಾಗದ ಬರೆಯುತ್ತಿರಲಿಲ್ಲ. ಕಷ್ಟಕ್ಕೆ ನಾನು ಒಗ್ಗಿಹೋಗಿದ್ದೆ.

ಭಾನುವಾರ ಕಿಕುನೊ ಬಂದಿದ್ದಳು. ಎಪ್ಪತ್ತೆಂಟು ವರ್ಷದ ಮುದುಕಿ, ಕೊಡದಲ್ಲಿ ನೀರು ಹಾಕಿ ಅದರಲ್ಲಿ ಎರಡು ತೋಫು ಇಟ್ಟುಕೊಂಡು, ರೈಲು ಹತ್ತಿ, ಬಾಣಂತಿಗೆ ಹಾಲು ಹೆಚ್ಚಲಿ ಎಂದು ತಂದಿದ್ದಳು. ನಿನಗೆ ಹೇಳದೆ ಬಂದದ್ದಂತೆ. ನಾನು ಎದ್ದು ಕೂತು, ನನ್ನನ್ನು ಎತ್ತಿಕೊಂಡ ತಾಯಿ ನೀವು, ನನ್ನ ಮಗುವನ್ನೂ ಒಂದು ಸಲ ಎತ್ತಿಕೊಳ್ಳಿ ಎಂದೆ. ಪ್ರತಿ ಹೊಸ ವರ್ಷಕ್ಕೂ ನೀನು ನನ್ನ ಕೈಗೆ ಅಕ್ಕಿ ಕಡುಬು ಕೊಟ್ಟು ಅವಳ ಮನೆಗೇ ಕಳಿಸಿದ್ದಲ್ಲವೇ? ಅವಳು ಮಗುವನ್ನು ತೆಗೆದುಕೊಳ್ಳಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡಳು.

"ನಂಗೆ ವಯಸ್ಸಾಯ್ತು ಕಣೇ, ಇನ್ನು ಸುಳ್ಳು ಹೊತ್ಕೊಂಡು ಹೋಗಕ್ಕಾಗಲ್ಲ" ಎಂದಳು. "ನಿನ್ನ ಎತ್ಕೊಂಡೋಳು ನಾನಲ್ಲ. ಆ ಇಯೊ ಇದ್ಲಲ್ಲ, ಹಿಪ್ಪುನೇರಳೆ ತೋಟದ ಕೊನೇಲಿ, ಅವ್ಳು."

ಅಮ್ಮ, ನಾನು ಮೊದಲು ನಗಲು ನೋಡಿದೆ. ಇಯೊ ಎಂದರೆ ಊರಿನ ಮಕ್ಕಳೆಲ್ಲ ಕಂಡರೆ ಓಡುತ್ತಿದ್ದ ಮುದುಕಿ. ಗಂಡ ಸತ್ತವಳು, ಮೂರು ಮಕ್ಕಳನ್ನು ಹೂತವಳು. ಮಕ್ಕಳನ್ನು ನುಂಗಿದವಳು ಎಂದು ನಮ್ಮ ಅಜ್ಜಿ ಕರೆಯುತ್ತಿದ್ದುದು, ನೀನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದುದು.

ಕಿಕುನೊ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಒಂದು ಸುಳ್ಳಿದ್ದರೂ ನೀನು ತಿದ್ದು. ತೈಶೋ ಹನ್ನೆರಡರ ಚಳಿಗಾಲ, ಮೂವತ್ತೆರಡು ವರ್ಷದ ಹಿಂದೆ, ಅಪ್ಪನಿಗೆ ನಲವತ್ತೆರಡು. ನೀನು ನನ್ನನ್ನು ಮೊರದಲ್ಲಿಟ್ಟು ಕವಲುದಾರಿಯ ಜಿಜೋ ದೇವರ ಕಲ್ಲಿನ ಪಕ್ಕ ಬಿಟ್ಟು ಬಂದೆ. ಏಳು ಮಕ್ಕಳ ತಾಯಿ ಕಿಕುನೊ ಕೂಡಲೇ ಬರಬೇಕಿತ್ತು. ಅವಳ ಒಲೆಯ ಮೇಲೆ ಸೋಯಾ ಹಾಲು ಉಕ್ಕಿಹೋಯಿತು. ದೊಡ್ಡ ಹಂಡೆ, ದಿನದ ಮಾಲು ಪೂರ್ತಿ. ಅದನ್ನು ಇಳಿಸಿ, ಒಲೆ ಬಳಿದು, ಪೊರಕೆ ಹಿಡಿದು ಓಡಿ ಬರುವಷ್ಟರಲ್ಲಿ ಮೊರ ಖಾಲಿ. "ಬರೀ ಮೊರ ಇತ್ತು ಕಣೇ. ನಾಯಿ ನರಿ ಎಳ್ಕೊಂಡ್ಹೋದ್ವೋ ಅಂತ ಹಿಮದಲ್ಲಿ ಹೆಜ್ಜೆ ಹುಡುಕ್ದೆ. ಹುಲ್ಲಿನ ಚಪ್ಪಲಿ ಹೆಜ್ಜೆ, ಸಣ್ಣದು."

ಇಯೊ ದಿನಾ ಬೆಳಿಗ್ಗೆ ಆ ಕಲ್ಲಿನ ಹತ್ತಿರ ಬರುತ್ತಿದ್ದಳಂತೆ. ಸತ್ತ ಮಕ್ಕಳನ್ನು ಕಾಯುವ ಜಿಜೋ ಕೊರಳಿಗೆ ತನ್ನ ಮೂವರ ಹೆಸರಿನಲ್ಲಿ ಕೆಂಪು ಬಟ್ಟೆ ಕಟ್ಟಿದ್ದಳು, ಅದರ ಮೇಲೆ ಬಿದ್ದ ಹಿಮ ಕೊಡವಿ ಹೋಗುವುದು ಅವಳ ಕೆಲಸ. ಆ ದಿನ ಬಂದಾಗ ಕಲ್ಲಿನ ಪಕ್ಕ ನಾನು. ಅವಳಿಗೆ ಶಾಸ್ತ್ರ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ ಎತ್ತಿಕೊಂಡಳು. ಅಜ್ಜಿ ಅವಳ ಬಾಗಿಲಿಗೆ ಹೋಗಿ ಕೂಗಾಡಿದಾಗ ಒಳಗಿನಿಂದಲೇ ಉತ್ತರ ಕೊಟ್ಟಳಂತೆ, "ಎಸೆದಿದ್ದನ್ನ ಯಾರು ಎತ್ಕೊಂಡ್ರೂ ಅವ್ರದ್ದೇ. ನೀವೇ ಮಾಡಿದ ಶಾಸ್ತ್ರ. ಒಂದು ರಾತ್ರಿ ನನ್ನ ಹತ್ರ ಇರ್ಲಿ, ನಾಳೆ ತಂದುಕೊಡ್ತೀನಿ."

ಮಾರನೆಯ ದಿನ ತಂದುಕೊಟ್ಟಳು, ಒಗೆದ ಬಟ್ಟೆಯಲ್ಲಿ ಸುತ್ತಿ. ಹೆಸರೂ ಹೇಳಿದಳು, ಸುತೆ ಎಂದು. ಕಿಕುನೊ ಅಲ್ಲೇ ಇದ್ದಳು. ಎಂಥ ಹೆಸರು ಇದು, ಇಡುವವಳಿಗೆ ನಾಚಿಕೆಯಿಲ್ಲವೇ ಎಂದು ಅಜ್ಜಿ ಕೇಳಿದ್ದಕ್ಕೆ ಇಯೊ ಹೇಳಿದ್ದನ್ನು ಕಿಕುನೊ ಮೂವತ್ತೆರಡು ವರ್ಷ ಮರೆತಿಲ್ಲ. "ನಾನು ನನ್ನ ಮೂರಕ್ಕೂ ಚೆಂದದ ಹೆಸರು ಇಟ್ಟಿದ್ದೆ. ಒಬ್ಬ ದೇವದಾರು, ಒಬ್ಳು ಸಾವಿರ ವರ್ಷ, ಇನ್ನೊಬ್ಳು ಕೊಕ್ಕರೆ ಥರಾ ನೂರ್ಕಾಲ ಬಾಳೋಳು. ಚೆಂದದ ಹೆಸರು ಕೇಳಿಸ್ಕೊಂಡೇ ಬಂದು ಕರ್ಕೊಂಡು ಹೋಯ್ತು. ಇವಳ ಹೆಸರು ಕೇಳಿದ್ರೆ ಏನ್ ಬರ್ಬೇಕೋ ಅದು, ಇದ್ಯಾವ ಕಸ ಅಂತ ಮುಂದಿನ ಮನೆಗೆ ಹೋಗತ್ತೆ. ಹೋಗ್ಲಿ ಬಿಡಿ."

ಇದು ನನ್ನ ಹೆಸರಿನ ಅರ್ಥ. ಮೂವತ್ತೆರಡು ವರ್ಷಕ್ಕೆ ಗೊತ್ತಾಯಿತು, ತೋಫು ತಂದ ಮುದುಕಿಯ ಬಾಯಿಂದ.

ಆಮೇಲೆ ನೀವು ಏನು ಮಾಡಿದಿರಿ ಎಂಬುದನ್ನೂ ಅವಳು ಹೇಳಿದಳು. ಎತ್ತಿಕೊಂಡವಳು ಇಟ್ಟ ಹೆಸರನ್ನು ಬದಲಾಯಿಸಬಾರದು ಎಂದು ಅಪ್ಪ ಅವತ್ತೇ ಗ್ರಾಮ ಕಚೇರಿಗೆ ಹೋಗಿ ಬರೆಸಿ ಬಂದರು. ನೀನು ಮತ್ತು ಅಜ್ಜಿ ಆ ಹೆಂಗಸಿನ ಕೈಯ ಶಕುನ ತೊಳೆದುಹೋಗಲಿ ಎಂದು ಮರುದಿನ ನನ್ನನ್ನು ಇನ್ನೊಂದು ಸಲ ಎಸೆದಿರಿ. ಎರಡು ಸಲ, ಅಮ್ಮ. ಮೂರು ದಿನದೊಳಗೆ ಎರಡು ಸಲ ನನ್ನನ್ನು ಹಿಮದಲ್ಲಿ ಇಟ್ಟಿರಿ. ಎರಡನೆಯ ಸಲ ಕಿಕುನೊ ಒಲೆಯನ್ನೇ ಹಚ್ಚದೆ ಬಂದು ಗುಡಿಸಿಕೊಂಡಳು. ಊರಿಗೆಲ್ಲ ಎತ್ತಿಕೊಂಡವಳು ಕಿಕುನೊ ಎಂದು ಹೇಳಿದಿರಿ, ಇಯೊಗೆ ನಮ್ಮ ಬೇಲಿ ದಾಟಬೇಡ ಎಂದಿರಿ.

ಅದನ್ನಾದರೂ ಕ್ಷಮಿಸಬಹುದು. ಭಯಕ್ಕೆ ಜನ ಏನೇನೋ ಮಾಡುತ್ತಾರೆ. ಆದರೆ ಏಳು ವರ್ಷದವಳಾಗಿದ್ದಾಗ ನಾನು ಶಾಲೆಯಿಂದ ಅಳುತ್ತಾ ಬಂದು ನನಗೆ ಯಾಕೆ ಈ ಹೆಸರು ಎಂದು ಕೇಳಿದೆ. ನೀನು ಒಣಗಿಸಲು ಪರ್ಸಿಮನ್ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದೆ. ತಲೆ ಎತ್ತದೆ ಹೇಳಿದೆ, "ನಿಮ್ಮಪ್ಪ ಗಂಡು ಬೇಕು ಅಂತಿದ್ರು. ನೀನು ಹುಟ್ಟಿದೆ. ಇಟ್ರು." ಮೂರು ಮಾತು. ಒಬ್ಬ ಬಡ ಹೆಂಗಸಿನ ಹೆಸರು ಬಾಯಿಗೆ ಬಾರದಿರಲಿ ಎಂದು ನೀನು ಅಪ್ಪನನ್ನೇ ಬಲಿಕೊಟ್ಟೆ.

ನಾನು ಅದನ್ನು ನಂಬಿದೆ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುವಾಗಲೂ ನಂಬಿದ್ದೆ. ಅವರು ಪೇಟೆಯಿಂದ ಬಾಚಣಿಗೆ ತಂದರೆ, ಮನಸ್ಸಿಲ್ಲದೆ ತಂದದ್ದು ಎಂದುಕೊಂಡು ಮುರಿದು ಹಾಕಿದೆ. ಕೊನೆಯ ವರ್ಷ ಅವರು ಮಲಗಿದಲ್ಲೇ ಇದ್ದಾಗ ಗಿರಣಿಯಿಂದ ರಜೆ ಸಿಗಲಿಲ್ಲ ಎಂದು ಬರೆದೆ. ರಜೆ ಸಿಕ್ಕಿತ್ತು. ಊರಿಗೆ ಬಂದದ್ದು ಮಣ್ಣಿಗೆ. ಹೆಣದ ಮುಂದೆ ಎಲ್ಲರೂ ಅಳುತ್ತಿದ್ದರು, ನಾನು ಕಣ್ಣಲ್ಲಿ ಒಂದು ಹನಿ ತರಲಿಲ್ಲ. ನೀನು ಪಕ್ಕದಲ್ಲೇ ಕೂತಿದ್ದೆ. ಯಾಕೆ ಅಳುತ್ತಿಲ್ಲ ಎಂದು ನಿನಗೆ ಗೊತ್ತಿತ್ತು. ಆಗಲಾದರೂ ನನ್ನ ಕಿವಿಯಲ್ಲಿ ಹೇಳಬಹುದಿತ್ತು. ಇನ್ನು ನಾನು ಯಾರ ಮುಂದೆ ಹೋಗಿ ತಪ್ಪಾಯಿತು ಎನ್ನಲಿ?

ಇಯೊ ವಿಷಯ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹೊಸ ವರ್ಷದ ದಿನ ನಾನು ಕಡುಬಿನ ಗಂಟು ಹಿಡಿದು ಕಿಕುನೊ ಮನೆಗೆ ಹೋಗುವಾಗ ಅವಳು ಕವಲುದಾರಿಯಲ್ಲಿ ನಿಂತಿರುತ್ತಿದ್ದಳು. ನನ್ನನ್ನು ನೋಡಲು ನಿಂತದ್ದು ಎಂದು ಈಗ ಗೊತ್ತಾಗುತ್ತಿದೆ. ಒಂದು ವರ್ಷ ಸುಟ್ಟ ಗೆಣಸು ಕೊಟ್ಟಳು, ಬಿಸಿಯಾಗಿತ್ತು, ಬಟ್ಟೆಯೊಳಗೆ ಇಟ್ಟುಕೊಂಡು ಮನೆಗೆ ತಂದೆ. ನೀನು ಕಿತ್ತುಕೊಂಡು ಚರಂಡಿಗೆ ಹಾಕಿ ನನ್ನ ಕೈ ಉಜ್ಜಿ ತೊಳೆದೆ. ಮುಂದಿನ ವರ್ಷ ಊರ ಮಕ್ಕಳು ಅವಳಿಗೆ ಕಲ್ಲು ಎಸೆಯುತ್ತಿದ್ದರು. ನಾನೂ ಒಂದು ಎಸೆದೆ. ಎಲ್ಲರ ಕಲ್ಲೂ ತಪ್ಪಿತು, ನನ್ನದು ಅವಳ ಕಾಲಿಗೆ ತಾಗಿತು. ಅವಳು ಬೈಯಲಿಲ್ಲ, ಬಗ್ಗಿ ಕಾಲು ಉಜ್ಜಿಕೊಂಡಳು. ಮೂರು ವರ್ಷದ ಹಿಂದೆ ಸತ್ತಳು ಎಂದು ನಿನ್ನ ಕಾಗದದಲ್ಲಿ ಓದಿದ್ದೆ, ಊರಿನವರೇ ಸೇರಿ ಮಣ್ಣು ಮಾಡಿದರು ಎಂದಿತ್ತು. ಮೂಲಂಗಿ ಬೆಳೆ ಚೆನ್ನಾಗಿದೆ ಎಂದು ಬರೆದ ಸಾಲಿನ ಪಕ್ಕದಲ್ಲೇ ಇತ್ತು.

ನನ್ನ ಸಿಟ್ಟು ಅರ್ಥವಾಯಿತೇ? ಎಸೆದಿರಿ ಎಂದು ಸಿಟ್ಟಲ್ಲ. ಎತ್ತಿಕೊಂಡವಳನ್ನು ನನ್ನಿಂದ ಬಚ್ಚಿಟ್ಟಿರಿ. ನನ್ನ ಹೆಸರನ್ನು ಒಬ್ಬಳು ನನ್ನ ಮೇಲೆ ಹೊದಿಸಿ ಹೋದಳು, ನೀನು ಅದನ್ನು ಬೈಗುಳವಾಗಿ ನನ್ನ ಕೈಗೆ ಕೊಟ್ಟೆ, ನಾನು ಅದನ್ನು ಹೊತ್ತುಕೊಂಡು ಶಾಲೆಗೆ ಹೋದೆ, ಗಿರಣಿಗೆ ಹೋದೆ, ಗಂಡನ ಮನೆಗೆ ಬಂದೆ.

ಕಾಗದ ನಡುವೆ ನಿಲ್ಲಿಸಿದ್ದೆ. ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವ ಅಭ್ಯಾಸ ಬಂದಿದೆ. ಎಲ್ಲ ತಾಯಂದಿರೂ ಮಾಡುತ್ತಾರಂತೆ. ಪಕ್ಕದ ಮನೆಯ ಹೆಂಗಸು, "ಎಷ್ಟು ಒಳ್ಳೇ ಮಗುರೀ, ಒಂದು ಸದ್ದಿಲ್ಲ" ಎಂದು ಹೊಗಳಿ ಹೋದಳು.

ನಿನ್ನ ಅಪ್ಪಣೆಗೆ ಉತ್ತರ ಇದು. ನನ್ನ ಮಗಳನ್ನು ಎಸೆಯುವುದಿಲ್ಲ. ಎಂಟು ವರ್ಷ ಕಾದು ಹೆತ್ತವಳು ನಾನು, ಬೀದಿಯಲ್ಲಿ ಇಟ್ಟು ಬೆನ್ನು ತಿರುಗಿಸಿ ಬರಲು ನನ್ನ ಕಾಲು ಏಳುವುದಿಲ್ಲ. ಕಿಕುನೊ ಸೊಸೆಗೆ ಬರಬೇಡ ಎಂದು ಹೇಳು. ಇವರು ಆಗಲೇ ಹೆಸರು ಆರಿಸಿದ್ದಾರೆ, ಚಿಜುರು, ಸಾವಿರ ಕೊಕ್ಕರೆ. ಕೇಳಿದವರೆಲ್ಲ ಎಂಥ ಚೆಂದದ ಹೆಸರು ಎನ್ನುತ್ತಾರೆ. ಅಕ್ಕಿಯ ಗಂಜಿ ತಿಳಿ ಎರಡು ಹನಿ ಬಾಯಿಗೆ ಬಿಡುವಾಗ ಇವರು ಆ ಹೆಸರು ಹಿಡಿದು ಕರೆದು ನೋಡಿದರು. ಕಣ್ಣು ತೆರೆಯಲಿಲ್ಲ, ನಿದ್ದೆ ಇತ್ತು. ನಾಳೆ ಏಳನೆಯ ದಿನ, ಮನೆಯಲ್ಲಿ ಅದೇ ಹೆಸರನ್ನು ದೊಡ್ಡದಾಗಿ ಬರೆದು ಗೋಡೆಗೆ ಹಚ್ಚುತ್ತೇವೆ. ಶಾಲೆಯಲ್ಲಿ ಮೇಷ್ಟ್ರು ಗಟ್ಟಿಯಾಗಿ ಕೂಗಲಿ. ಹುಡುಗರು ಏನು ಬೇಕಾದರೂ ಅನ್ನಲಿ, ಕಸ ಎನ್ನಲು ಆಗುವುದಿಲ್ಲ.

ಇನ್ನೊಂದು ವಿಷಯ ಇದೆ, ಬರೆಯಬಾರದು ಎಂದೇ ಇದ್ದೆ. ಬರೆದರೆ ನಿನಗೆ ಸಮಾಧಾನವಾಗುತ್ತದೆ, ಅದು ನನಗೆ ಬೇಕಿಲ್ಲ. ಹೋಗುವಾಗ ಬಾಗಿಲ ಹತ್ತಿರ ಕಿಕುನೊ ಹೇಳಿದಳು. ಮೊದಲ ಸಲ ನನ್ನನ್ನು ಇಯೊ ಎತ್ತಿಕೊಂಡು ಹೋದಳು ಎಂದು ಗೊತ್ತಾದ ಮೇಲೆ ನೀನು ಮನೆಗೆ ಹೋಗಲಿಲ್ಲವಂತೆ. ಖಾಲಿ ಮೊರ ತಬ್ಬಿಕೊಂಡು ಹಿಮದಲ್ಲಿ ಅವಳ ಬೇಲಿಯ ಹೊರಗೆ ಕೂತುಬಿಟ್ಟೆಯಂತೆ. "ಹಸೀ ಬಾಣಂತಿ. ಎಳೆದ್ರೂ ಏಳ್ಲಿಲ್ಲ ನಿಮ್ಮಮ್ಮ. ಒಳಗೆ ನೀನು ಅತ್ತಾಗ್ಲೆಲ್ಲ ಅವಳ ಎದೆ ಬಟ್ಟೆ ಒದ್ದೆ." ಬೆಳಗಾಗುವವರೆಗೆ ನಿನ್ನ ಕೈ ನಡುಗುತ್ತಿತ್ತಂತೆ.

ಇದನ್ನು ಕೇಳಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಹಾಗೆ ಕೂತವಳು ಮೂವತ್ತೆರಡು ವರ್ಷ ಅದನ್ನೂ ಹೇಳಲಿಲ್ಲ. ಗೆಣಸು ಚರಂಡಿಗೆ ಹಾಕಿದ ಕೈಯನ್ನು ಮಾತ್ರ ನನಗೆ ತೋರಿಸಿದೆ, ನಡುಗಿದ ಕೈ ತೋರಿಸಲಿಲ್ಲ.

ಇಷ್ಟು ಸಾಕು. ಉತ್ತರ ಬರೆಯಬೇಡ. ಬರೆದರೂ ಓದುವುದಿಲ್ಲ.

ಇಂತಿ,
ನಿನ್ನ ಮಗಳು ಎಂದು ಬರೆಯಲು ಇವತ್ತು ಮನಸ್ಸಿಲ್ಲ, ಆದರೂ ಮಗಳೇ,
ಸುತೆ

ಮರೆತಿದ್ದು: ಈ ಕಾಗದ ಅಂಚೆಗೆ ಹಾಕುತ್ತಿಲ್ಲ. ಇವರೇ ಮಧ್ಯಾಹ್ನದ ರೈಲಿಗೆ ತರುತ್ತಿದ್ದಾರೆ, ನೀನು ಇವತ್ತೇ ಓದಬೇಕು. ಮಗು ನಿನ್ನೆ ಬೆಳಿಗ್ಗೆಯಿಂದ ಹಾಲು ಎಳೆಯುತ್ತಿಲ್ಲ. ಡಾಕ್ಟರು ಎರಡು ಸಲ ಬಂದರು, ಎರಡನೆಯ ಸಲ ನನ್ನ ಮುಖ ನೋಡದೆ ಇವರ ಜೊತೆ ಮಾತಾಡಿ ಹೋದರು. ನಾಳೆ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಬೀದಿ ಕೊನೆಯ ಕವಲುದಾರಿಯಲ್ಲಿ ಅವಳನ್ನು ಮೊರದಲ್ಲಿ ಇಡುತ್ತೇನೆ. ಕಿಕುನೊ ಸೊಸೆ ಬೇಡ. ಐದು ಗುಂಡು ಮಕ್ಕಳನ್ನು ಸಾಕಿದವಳು ನಗುತ್ತಾ ಗುಡಿಸಿಕೊಳ್ಳುತ್ತಾಳೆ, ನನಗೆ ಕೈ ನಡುಗುವವರು ಬೇಕು. ನೀನು ಬೇರೆ ಮನೆಯವಳು, ಶಾಸ್ತ್ರಕ್ಕೆ ಅಡ್ಡಿಯಿಲ್ಲ. ಮೊದಲ ರೈಲಿಗೆ ಪೊರಕೆ ಹಿಡಿದು ನೀನೇ ಬಾ. ನಾನು ಹಿಂತಿರುಗಿ ನೋಡುತ್ತೇನೆ, ಬೈಯಬೇಡ. ಚಿಜುರು ಎಂದು ಯಾರೂ ಇನ್ನು ಕರೆಯುವುದಿಲ್ಲ ಎಂದು ಇವರಿಗೂ ಹೇಳಿದ್ದೇನೆ. ಎತ್ತಿಕೊಂಡ ಮೇಲೆ ಹೆಸರು ನೀನು ಇಡಬೇಕು. ಚೆಂದದ್ದು ಬೇಡ, ಅಮ್ಮ. ನನ್ನದಕ್ಕಿಂತ ಕೆಟ್ಟದ್ದು ಹುಡುಕಿಕೊಂಡು ಬಾ.